ಭರಣಿಯಾಚೆಯ ಲೋಕನಾಥ್

ಹಳೆಯ ಕನ್ನಡ ಸಿನಿಮಾ ಟಿವಿಯಲ್ಲಿ ಬರುತ್ತಿದ್ದರೆ ಮನೆಮಂದಿಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ಇವರನ್ನ ಎಷ್ಟೊಂದು ಸಿನಿಮಾದಲ್ಲಿ ನೋಡಿದೀವಿ, ಹೆಸರೇನೋ ಇತ್ತಲ್ಲ?’ ಮುಖ ಗೊತ್ತು, ದನಿ ಗೊತ್ತು, ಹೆಸರು ಮಾತ್ರ ನಾಲಗೆಯ ತುದಿಯಲ್ಲೇ ನಿಂತುಬಿಡುತ್ತದೆ. ಅಷ್ಟರಲ್ಲಿ ನಾಯಕನ ಪ್ರವೇಶ. ಪ್ರಶ್ನೆ ಅಲ್ಲಿಗೇ ಮರೆತುಹೋಗುತ್ತದೆ. ಅದನ್ನು ಮರೆಯಲಾಗದವನೇ ಪೋಷಕ ನಟರ ಅಭಿಮಾನಿ.

ಸಿ.ಎಚ್. ಲೋಕನಾಥ್ ಅವರ ಅಭಿಮಾನಿಗೆ ಎದುರಾಗುವ ತೊಡಕೇ ಬೇರೆ. ಅವರ ಹೆಸರು ಎಲ್ಲರಿಗೂ ಗೊತ್ತು, ‘ಉಪ್ಪಿನಕಾಯಿ’ ಎಂಬ ವಿಶೇಷಣದ ಸಮೇತ. 1974ರಲ್ಲಿ ಸಿದ್ಧಲಿಂಗಯ್ಯ ನಿರ್ದೇಶಿಸಿದ ‘ಭೂತಯ್ಯನ ಮಗ ಅಯ್ಯು’ ಚಿತ್ರದಲ್ಲಿ ಊರವರು ಅಯ್ಯುವಿನ ಮನೆಗೆ ನುಗ್ಗುತ್ತಾರೆ. ಆ ಗಲಾಟೆಯ ನಡುವೆ ಲೋಕನಾಥ್ ಅವರ ಕೈ ಹೋಗುವುದು ಉಪ್ಪಿನಕಾಯಿಯ ಭರಣಿಗೆ. ಅವರು ಚಪ್ಪರಿಸುವಾಗ ನೋಡುವವರ ಬಾಯಲ್ಲೂ ನೀರೂರುತ್ತದೆ, ನಗುವೂ ಬರುತ್ತದೆ. ಎರಡನೇ ಸಲ ನೋಡಿದರೆ ನಗುವಿನ ಜೊತೆ ಸಂಕಟವೂ ಆಗುತ್ತದೆ. ಉಳ್ಳವರ ಮನೆಯ ಒಂದು ಚೂರು ರುಚಿಗೆ ಬಡವನ ನಾಲಗೆ ಎಷ್ಟು ಕಾಲ ಕಾದಿತ್ತು ಎಂಬುದನ್ನು ಅವರು ಮಾತಿನ ಹಂಗಿಲ್ಲದೆ ತೋರಿಸಿಬಿಡುತ್ತಾರೆ. ಸಣ್ಣದೊಂದು ದೃಶ್ಯ ಅವರಿಗೆ ಜೀವಮಾನದ ಹೆಸರನ್ನು ಕೊಟ್ಟಿತು. ಅವರ ಉಳಿದ ಕೆಲಸಕ್ಕೆ ಆ ಭರಣಿಯೇ ಮರೆಯಾಗಿ ನಿಂತಿತು.

1927ರಲ್ಲಿ ಹುಟ್ಟಿದ ಲೋಕನಾಥ್ ರಂಗಭೂಮಿಯಲ್ಲಿ ಪಳಗಿ, ನಲವತ್ತು ದಾಟಿದ ಮೇಲೆ ಬೆಳ್ಳಿತೆರೆಗೆ ಬಂದವರು. 1970ರ ‘ಸಂಸ್ಕಾರ’ದಲ್ಲಿ ಅವರಿದ್ದರು. ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಎಂದರೆ ರಾಮಾಚಾರಿ, ಚಾಮಯ್ಯ ಮೇಷ್ಟ್ರು ನೆನಪಾಗುತ್ತಾರೆ. ರಾಮಾಚಾರಿಯ ಸಿಟ್ಟಿಗೆ ಗುರಿಯಾಗಿ ಕಂಬಕ್ಕೆ ಕಟ್ಟಿಸಿಕೊಳ್ಳುವ ಪ್ರಿನ್ಸಿಪಾಲ್ ಶ್ಯಾಮಯ್ಯರ್ ಕೂಡ ಎಲ್ಲರಿಗೂ ನೆನಪಿದ್ದಾರೆ. ಆ ಪ್ರಿನ್ಸಿಪಾಲರು ಇದೇ ಲೋಕನಾಥ್ ಎಂದರೆ ಮಾತ್ರ ‘ಹೌದಲ್ವಾ!’ ಎನ್ನುತ್ತಾರೆ. ಶಂಕರ್‌ನಾಗ್ ನಿರ್ದೇಶನದ ‘ಮಿಂಚಿನ ಓಟ’ದಲ್ಲಿ (1980) ಅನಂತನಾಗ್, ಶಂಕರ್‌ನಾಗ್ ಜೊತೆ ಓಡುವ ಮುದುಕ ಕೈದಿಯೂ ಅವರೇ. ತಮಗಿಂತ ತುಂಬ ಚಿಕ್ಕವರಾದ ಇಬ್ಬರು ನಾಯಕರ ಜೊತೆ ಹೆಗಲೆಣೆಯಾಗಿ ನಿಂತ ಅವರ ಆ ಪಾತ್ರವೊಂದನ್ನು ನೋಡಿದರೂ ಸಾಕು, ಉಪ್ಪಿನಕಾಯಿಯಾಚೆ ಎಂಥ ನಟನಿದ್ದ ಎಂಬುದು ತಿಳಿಯುತ್ತದೆ.

2018ರ ಡಿಸೆಂಬರ್ 31ರಂದು ಲೋಕನಾಥ್ ತೀರಿಕೊಂಡಾಗ, ಅವರು 600ಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದ್ದರೆಂದು ಪತ್ರಿಕೆಗಳು ಬರೆದವು. ಆ ಅಂಕಿಯನ್ನು ಚಿತ್ರ, ವರ್ಷ, ಪಾತ್ರ ಎಂದು ಒಂದೊಂದಾಗಿ ಬಿಡಿಸಿ ಬರೆಯಲು ಕೂತರೆ ಅಭಿಮಾನದ ಕಷ್ಟ ಗೊತ್ತಾಗುತ್ತದೆ.

ಮೊದಲ ಆಸರೆ ಟೈಟಲ್ ಕಾರ್ಡ್. ಹತ್ತಾರು ಹೆಸರುಗಳು ಒಟ್ಟಿಗೆ ಬಂದು ಕ್ಷಣದಲ್ಲಿ ಸರಿದುಹೋಗುತ್ತವೆ. ನಿಲ್ಲಿಸಿ, ಹಿಂದಕ್ಕೆ ತಂದು, ಮತ್ತೆ ನಿಲ್ಲಿಸಿ ಓದಬೇಕು. ಹೆಸರು ಸಿಕ್ಕರೂ ಪಾತ್ರ ಯಾವುದೆಂದು ಬರೆದಿರುವುದಿಲ್ಲ. ಪೂರ್ತಿ ಸಿನಿಮಾ ನೋಡಿ, ಪೇಟದ ಕೆಳಗಿನ ಕಣ್ಣನ್ನೋ ಮೀಸೆಯ ಹಿಂದಿನ ದನಿಯನ್ನೋ ಗುರುತು ಹಿಡಿಯಬೇಕು. ಕೆಲವು ಪ್ರತಿಗಳಲ್ಲಿ ಟೈಟಲ್ಲೇ ಕತ್ತರಿಸಿಹೋಗಿರುತ್ತದೆ. ಇನ್ನು ಕೆಲವರ ಪಾಲಿಗೆ ‘ಮತ್ತು ಇತರರು’ ಎಂಬ ಎರಡೇ ಪದ.

ಆಗ ನೆರವಿಗೆ ಬರುವುದು ಹಾಡಿನ ಪುಸ್ತಕ. ಟಾಕೀಸಿನ ಮುಂದೆ ಪುಡಿಗಾಸಿಗೆ ಸಿಗುತ್ತಿದ್ದ ತೆಳ್ಳನೆಯ ಆ ಪುಸ್ತಕದಲ್ಲಿ ಹಾಡುಗಳ ಜೊತೆ ಕಥಾಸಾರಾಂಶ, ತಾರಾಗಣ ಇರುತ್ತಿದ್ದವು. ಮುಂದಿನ ಕಥೆಯನ್ನು ಬೆಳ್ಳಿತೆರೆಯ ಮೇಲೆ ನೋಡಿ ಎಂದು ಸಾರಾಂಶ ಅರ್ಧಕ್ಕೇ ಮುಗಿಯುತ್ತಿತ್ತು. ಚಿತ್ರದ ಪ್ರತಿಯೇ ಸಿಗದ ಕಡೆ, ಒಬ್ಬ ಪೋಷಕ ನಟ ಅದರಲ್ಲಿದ್ದ ಎಂಬುದಕ್ಕೆ ಆ ಹಳದಿಗಟ್ಟಿದ ಹಾಳೆಯೇ ಪುರಾವೆ.

ಇಷ್ಟೆಲ್ಲ ಯಾಕೆ? ಭೂತಯ್ಯನ ಊರು ನಿಜವಾದ ಊರೆಂದು ನಮಗೆ ಅನ್ನಿಸಿದ್ದು, ಅಲ್ಲಿ ಉಪ್ಪಿನಕಾಯಿಗೆ ಆಸೆಪಡುವವನೊಬ್ಬ ಇದ್ದನೆಂಬ ಕಾರಣಕ್ಕೂ ಹೌದು. ಲೋಕನಾಥ್ ಅವರಂತೆಯೇ ಮುಸುರಿ ಕೃಷ್ಣಮೂರ್ತಿ, ದಿನೇಶ್, ಸಂಪತ್, ಎಂ.ಎನ್. ಲಕ್ಷ್ಮೀದೇವಿ, ಪಾಪಮ್ಮ ಅವರೂ ನಮ್ಮ ಚಿತ್ರಗಳಲ್ಲಿ ಊರು ಕಟ್ಟಿದವರು. ಇವರ ಲೆಕ್ಕ ಇಡುವುದು ಕನ್ನಡ ಚಿತ್ರರಂಗದ ಚರಿತ್ರೆ ಬರೆಯುವ ಕೆಲಸವೇ.

ನಿಮ್ಮ ಮನೆಯ ಅಟ್ಟದಲ್ಲಿ ಅಜ್ಜಿಯೋ ದೊಡ್ಡಪ್ಪನೋ ಕೂಡಿಟ್ಟ ಹಾಡಿನ ಪುಸ್ತಕಗಳಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ತಾರಾಗಣದ ಪುಟ ತೆರೆದು, ಕೊನೆಯ ಸಾಲಿನ ಹೆಸರುಗಳನ್ನೂ ಓದಿ, ಒಂದು ಫೋಟೊ ತೆಗೆದಿಡಿ.