ಚಾರ್ಜ್ ಕೊಡುವುದು ಯಾರಿಗೆ?

ಸರ್ಕಾರಿ ಪದವಿ ಕಾಲೇಜಿನ ಪ್ರಾಂಶುಪಾಲರು ಒಂದು ದಿನ ಸಿಎಲ್ ಹಾಕಬೇಕೆಂದರೂ ಯಾರಿಗಾದರೂ ಚಾರ್ಜ್ ಕೊಟ್ಟೇ ಹೋಗಬೇಕು. ಹಿರಿಯ ಅಧ್ಯಾಪಕರ ಹೆಸರಿಗೊಂದು ಪತ್ರ, ಸಹಿ, ಮೊಹರು. ಅಲ್ಲಿಗೆ ಅತಿಥಿ ಉಪನ್ಯಾಸಕರ ಗೌರವಧನ, ಕೆಟ್ಟ ಬಯೋಮೆಟ್ರಿಕ್, ಸೋರುವ ನಲ್ಲಿ ಎಲ್ಲವೂ ಅವರ ತಲೆಗೆ. ಎಂಥ ಸೊಗಸಾದ ಏರ್ಪಾಡು! ಮನೆಗೆ ಮಾತ್ರ ಇದು ಬಂದಿಲ್ಲ.

ಒಮ್ಮೆ ಧಾರವಾಡದಲ್ಲಿ ನಮ್ಮ ಪ್ರಾಂಶುಪಾಲರ ಸಭೆ ಇತ್ತು. ಅಡುಗೆಮನೆಯ ಚಾರ್ಜನ್ನು ನಮ್ಮನೆಯವರಿಗೆ ಕೊಟ್ಟು ಹೋದೆ. ಸಭೆಯ ನಡುವೆ ಫೋನು: “ಹಾಲಿಗೆ ಹೆಪ್ಪು ಎಷ್ಟು ಹಾಕಬೇಕು?” ಪಕ್ಕದಲ್ಲಿ ಕೂತ ಇನ್ನೊಂದು ಕಾಲೇಜಿನ ಮೇಡಂ ಫೋನೂ ಗುಂಯ್ ಎಂದಿತು. ಅವರ ಮನೆಯಲ್ಲಿ ಗ್ಯಾಸ್ ಪುಸ್ತಕ ಸಿಕ್ಕಿರಲಿಲ್ಲ. ಮುಂದಿನ ಸಾಲಿನ ಗಂಡಸರ ಫೋನುಗಳು ಮಾತ್ರ ಋಷಿಗಳಂತೆ ಮೌನ.

ಆಮೇಲೆ ನ್ಯಾಕ್ ಬಂತು. 1994ರಲ್ಲಿ ಹುಟ್ಟಿದ ಈ ಸಂಸ್ಥೆ ಬೆಂಗಳೂರಿನ ನಾಗರಬಾವಿಯಲ್ಲಿ ಕೂತು ದೇಶದ ಕಾಲೇಜುಗಳನ್ನೆಲ್ಲ ಅಳೆಯುತ್ತದೆ. ಆಗೆಲ್ಲ ಪೀರ್ ಟೀಮ್ ಬರುತ್ತದೆಂದರೆ ಗೋಡೆಗೆ ಬಣ್ಣ, ಕಡತಕ್ಕೆ ಹೊಸ ರಟ್ಟು, ಪ್ರತಿ ಮಾತಿಗೂ ಜಿಯೋಟ್ಯಾಗ್ ಮಾಡಿದ ಫೋಟೊ. ಇದ್ದದ್ದು ಏಳು ಮಾನದಂಡ. ಏಳನೆಯದರಲ್ಲಿ ಒಂದು ಪ್ರಶ್ನೆ: ಲಿಂಗ ಸಮಾನತೆಗೆ ನಿಮ್ಮ ಸಂಸ್ಥೆ ಏನು ಮಾಡಿದೆ? ರಾತ್ರಿ ಹನ್ನೊಂದಕ್ಕೆ ದೋಸೆಹಿಟ್ಟು ರುಬ್ಬುತ್ತ ಅದಕ್ಕೆ ಉತ್ತರ ಬರೆದೆ. ಆ ಹೊತ್ತಿನ ಫೋಟೊ ಮಾತ್ರ ಯಾರೂ ತೆಗೆಯಲಿಲ್ಲ. ತೆಗೆದಿದ್ದರೆ ಗ್ರೇಡ್ ಇಳಿಯುತ್ತಿತ್ತೋ ಏನೋ.

ಮಗಳು ಸ್ಕೂಲು ಬಿಟ್ಟವಳೇ ನನ್ನ ಕೊಠಡಿಗೆ ಬರುತ್ತಿದ್ದಳು. ಬೀರುವಿನ ಹಿಂದೆ ಅವಳದೊಂದು ಸ್ಟೂಲು. ಬಿಚ್ಚಿದ ಜಡೆ ಹೆಣೆಯುತ್ತಿದ್ದವರು ನಮ್ಮ ಅಟೆಂಡರಮ್ಮ. ನಾನು ಎದುರಿಗೇ ಇದ್ದೆ, ಸಹಿ ಹಾಕುತ್ತ.

2021ರಲ್ಲಿ ರಾಜ್ಯ ಸರ್ಕಾರ ಮಹಿಳಾ ನೌಕರರಿಗೆ 180 ದಿನಗಳ ಶಿಶುಪಾಲನಾ ರಜೆ ಕೊಟ್ಟಿತು, ಮಗುವಿಗೆ 18 ತುಂಬುವವರೆಗೆ. ಎಳೆಯ ಉಪನ್ಯಾಸಕಿಯರ ಅರ್ಜಿಗೆ ಖುಷಿಯಿಂದ ಶಿಫಾರಸು ಬರೆದೆ. ನನ್ನದು? ಅಡ್ಮಿಶನ್ ಮುಗಿಯಲಿ, ಪರೀಕ್ಷೆ ಮುಗಿಯಲಿ, ನ್ಯಾಕ್ ಮುಗಿಯಲಿ. ಅವು ಮುಗಿಯುವ ಪೈಕಿಯವಲ್ಲ. ಮಗಳಿಗೆ ಹದಿನೆಂಟು ತುಂಬಿತು.

ಈಗವಳು ಹಾಸ್ಟೆಲ್ ಬಿಟ್ಟು ಗೆಳತಿಯರ ಜೊತೆ ರೂಮು ಮಾಡಿದ್ದಾಳೆ. ಸಾರಿಗೆ ಹುಣಸೆಹಣ್ಣು ಎಷ್ಟು, ಮೊಸರು ಯಾಕೆ ಲೋಳೆಯಾಯಿತು ಎಂದು ಫೋನು ಮಾಡುತ್ತಾಳೆ, ಅಪ್ಪನಿಗೆ. ಅವರು ಪ್ರೊಫೆಸರ್ ಗತ್ತಿನಲ್ಲಿ ಉತ್ತರಿಸುತ್ತಾರೆ. ನನಗೆ ಹೆಮ್ಮೆಯಾಗಬೇಕಿತ್ತು, ಆದದ್ದು ಹೊಟ್ಟೆಕಿಚ್ಚು.

ಹಾಗಾಗಿ ನಮ್ಮ ಸ್ಟಾಫ್ ರೂಮಿನ ಹುಡುಗಿಯರೇ, ಸೆಮಿಸ್ಟರ್ ಮುಗಿಯಲಿ ಮೇಡಂ ಅನ್ನಬೇಡಿ. ರಜೆ ಅರ್ಜಿ ಇವತ್ತೇ ತನ್ನಿ, ಶಿಫಾರಸು ಬರೆದುಕೊಡುತ್ತೇನೆ.