ದುನಾಲಿಯ ಸೇಫ್ಟಿ

ಮೆಹಕರ, 10 ಜೂನ್ 2024, ಸೋಮವಾರ

ಲೋಕಸಭೆ ಚುನಾವಣೆಯ ನೀತಿಸಂಹಿತೆ ಬಂದಾಗ ಠಾಣೆಗೆ ಒಪ್ಪಿಸಿದ್ದ ಅಪ್ಪನ ದುನಾಲಿ ಬಂದೂಕು ಇವತ್ತು ಮನೆಗೆ ಬಂತು. ಎಣ್ಣೆ ಹಚ್ಚುತ್ತ ಸೇಫ್ಟಿ ಮೇಲೆ ಹೆಬ್ಬೆರಳಿಟ್ಟೆ. ಹೋದ ವರ್ಷವೇ ಸಡಿಲಾಗಿತ್ತು, ಈಗ ಟಕ್ ಅಂತ ಕೂರುವುದೇ ಇಲ್ಲ. ಮೇಲಿನ ಕೀಲಿ ತಳ್ಳಿ ನಳಿಗೆ ಮಡಚಿದರೆ ತಾನಾಗಿಯೇ ಹಿಂದಕ್ಕೆ ಸರಿದು ಟ್ರಿಗರ್ ಹಿಡಿಯಬೇಕು, ಅರ್ಧಕ್ಕೇ ನಿಲ್ಲುತ್ತದೆ. ಮಿರಗದ ಮಳೆ ಹಿಡಿದಿದೆ, ಸೋಯಾ, ತೊಗರಿ ಬಿತ್ತನೆಗೆ ಹೊಲದ ಮನೆ ತುಂಬ ಜನ, ಮಕ್ಕಳು. ಕಾಡತೂಸುಗಳನ್ನು ಟ್ರಂಕಿಗೆ ಹಾಕಿ ಬೀಗ ಜಡಿದೆ.

13 ಜೂನ್

ಅಣ್ಣನ ಮಗ ಮೊಬೈಲಿನಲ್ಲಿ ಅಮೆರಿಕದ ಮಾಸ್‌ಬರ್ಗ್ 500 ತೋರಿಸಿದ. ಅದರ ಸೇಫ್ಟಿ ಗುಂಡಿ ಬೆನ್ನಿನ ಮೇಲೆ, ಹಿಂತುದಿಯಲ್ಲಿ. ಪ್ಲಾಸ್ಟಿಕ್ಕಿನದು ಸವೆದರೆ ಬೇರೆ ಕಂಪನಿಯ ದೊಡ್ಡ ಲೋಹದ ಗುಂಡಿ ಕೂಡಿಸುತ್ತಾರೆ. "ಇಂಥಾದೇ ಹಾಕ್ಸೋಣ ಕಾಕಾ, ಹಗುರ ಸರೀತದ" ಅಂದ. ಹಗುರ ಸರಿಯುವುದೇ ನನಗೆ ಬೇಡ. ಹೆಗಲ ಟವೆಲ್ ಉಜ್ಜಿದರೂ ಸರಿಯುವ ಸೇಫ್ಟಿ ಯಾತಕ್ಕೆ? ನಮ್ಮ ಹಳೆಯ ದುನಾಲಿಗೆ ಅಂಥ ಸಿದ್ಧ ಭಾಗ ಹೊಂದುವುದೂ ಇಲ್ಲ, ಅರದಿಂದ ಉಜ್ಜಿಯೇ ಕೂಡಿಸಬೇಕು. 1959ರ ಆಯುಧ ಕಾಯ್ದೆಯಂತೆ ದುರಸ್ತಿ ಮಾಡುವವನಿಗೂ ಲೈಸೆನ್ಸ್ ಬೇಕು. ಉದಗೀರ ಹತ್ತಿರ, ಆದರೆ ಅದು ಮಹಾರಾಷ್ಟ್ರ. ನನ್ನ ಲೈಸೆನ್ಸು ಕರ್ನಾಟಕಕ್ಕೆ ಮಾತ್ರ. ಸಂತೆಗೆ ದಾಟುವ ಗಡಿಯನ್ನು ಬಂದೂಕು ಹಿಡಿದು ದಾಟುವಂತಿಲ್ಲ. ಕಲಬುರಗಿಗೇ ಹೋಗಬೇಕು.

19 ಜೂನ್, ಕಲಬುರಗಿ

ಬಂದೂಕಿನ ಮಿಸ್ತ್ರಿ ಹಿಡಿಕಟ್ಟಿಗೆ ಬಿಚ್ಚಿ ಒಳಗಿನದೆಲ್ಲ ತೋರಿಸಿದರು. ಗುಂಡಿಯ ಕೆಳಗಿನ ಪಟ್ಟಿ ಸ್ಪ್ರಿಂಗ್ ಸತ್ತಿದೆ, ಗುಂಡಿಯ ಕಾಲು ಸವೆದಿದೆ. ಎರಡನ್ನೂ ಉಕ್ಕಿನಲ್ಲಿ ಹೊಸದಾಗಿ ಮಾಡಿಕೊಡುತ್ತಾರೆ. ಆಮೇಲೆ ಅವರು ತೋರಿಸಿದ್ದನ್ನು ಜೊತೆಗೆ ಬಂದಿದ್ದ ಅಣ್ಣನ ಮಗ ಕಣ್ಣು ಮಿಟುಕಿಸದೆ ನೋಡಿದ. ಈ ಸೇಫ್ಟಿ ತಡೆಯುವುದು ಟ್ರಿಗರ್‌ಗಳನ್ನಷ್ಟೇ. ಒಳಗಿನ ಸುತ್ತಿಗೆಗಳು ಬಿಗಿದ ಸ್ಪ್ರಿಂಗಿನ ಮೇಲೆ ಹಾಗೇ ನಿಂತಿರುತ್ತವೆ, ಒಂದೊಂದನ್ನೂ ಹಿಡಿದಿರುವುದು ಒಂದು ಸಣ್ಣ ಕೊಕ್ಕೆ. ಅದು ಸವೆದಿದ್ದರೆ, ಬಂದೂಕು ಕೈಜಾರಿ ಕಲ್ಲಿನ ಮೇಲೆ ಬಿದ್ದರೆ, ಸೇಫ್ಟಿ ಹಾಕಿದ್ದರೂ ಗುಂಡು ಹಾರಬಹುದು. ಅಪ್ಪ ಬದುವು ದಾಟುವ ಮೊದಲು ನಳಿಗೆ ಮಡಚಿ ಕಾಡತೂಸು ತೆಗೆದು ಜೇಬಿಗೆ ಹಾಕುತ್ತಿದ್ದರು. ಕಾರಣ ಯಾವತ್ತೂ ಹೇಳಲಿಲ್ಲ. ಇವತ್ತು ಅದು ಕಣ್ಣಿಗೇ ಕಂಡಿತು.

ಗುಂಡಿ ಹಳೆಯ ಅಳತೆಯಲ್ಲೇ ಇರಲಿ, ಮೇಲೆ ಒರಟು ಗೆರೆ ಕೊರೆಯಿರಿ, ಸ್ವಲ್ಪ ಬಿಗಿಯಾಗಿಯೇ ಸರಿಯಲಿ ಅಂದೆ. ಕೊಕ್ಕೆಗಳನ್ನೂ ಪರೀಕ್ಷಿಸಲು ಹೇಳಿದೆ.

24 ಜೂನ್

ತಂದೆವು. ಖಾಲಿ ನಳಿಗೆಯಲ್ಲಿ ಮತ್ತೆ ಮತ್ತೆ ನೋಡಿದೆ. ಮಡಚಿದಾಗೆಲ್ಲ ಗುಂಡಿ ತಾನೇ ಪೂರ್ತಿ ಹಿಂದಕ್ಕೆ ಬರುತ್ತದೆ, ಒತ್ತಿದರೂ ಟ್ರಿಗರ್ ಕದಲುವುದಿಲ್ಲ. ಕೊಕ್ಕೆಗಳೂ ಗಟ್ಟಿ ಇವೆಯಂತೆ. ಬಹಳ ಸಮಾಧಾನವಾಯಿತು. ಟ್ರಂಕಿನ ಬೀಗ ಮಾತ್ರ ತೆಗೆಯುವುದಿಲ್ಲ.

ಹುಡುಗ ತನಗೂ ಲೈಸೆನ್ಸ್ ಬೇಕು ಅಂತಿದ್ದಾನೆ. 2016ರ ನಿಯಮಗಳಂತೆ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಬೇಕಾಗುತ್ತದೆ. ಅದನ್ನು ತಂದ ಮೇಲೆ ಅರ್ಜಿಯ ಮಾತು ಎಂದಿದ್ದೇನೆ. ಅಲ್ಲಿವರೆಗೆ ಎಣ್ಣೆ ಹಚ್ಚುವ ಕೆಲಸ ಅವನದು, ನನ್ನೆದುರಿಗೆ, ನಳಿಗೆ ಮಡಚಿಕೊಂಡು.