ಮಾರಿಕುಪ್ಪಂ ಗಾಡಿಯಲ್ಲಿ ಕರಡು

ಜೂನ್ 1, 2025, ಭಾನುವಾರ

ಕೋಲಾರ ಚಿನ್ನದ ಗಣಿ, ಅಂದರೆ ಕೆಜಿಎಫ್ ಕುರಿತ ಹೊಸ ಕಥೆ ಶುಕ್ರವಾರ ಗಾಡಿ ಟೇಕಲ್ ದಾಟಿದಾಗ ನಿಂತದ್ದು ಇನ್ನೂ ಅಲ್ಲೇ ಇದೆ. ರಜೆಯ ದಿನ ಮನೆಯಲ್ಲಿ ಕೂತು ಮುಂದುವರಿಸೋಣ ಅಂದರೆ ಒಂದು ಸಾಲೂ ಹುಟ್ಟುವುದಿಲ್ಲ. ಮೈಸೂರು ಮೈನ್ಸಿನ ಈ ಲೈನ್ ಮನೆಯಲ್ಲಿ ಮೇಜಿದೆ, ಫ್ಯಾನಿದೆ, ನಾನು ನೋಟ್‌ಬುಕ್ ತೆರೆದರೆ ಟಿವಿ ಸದ್ದೂ ತಗ್ಗುತ್ತದೆ. ಆದರೂ ಕೈ ಓಡುವುದು ಕೆಲಸಕ್ಕೆಂದು ಬೆಂಗಳೂರಿಗೆ ಹೋಗುವ ಬೆಳಗಿನ ಗಾಡಿಯಲ್ಲೇ.

ಮಾರಿಕುಪ್ಪಂನಲ್ಲೇ ಹತ್ತುವವರಿಗೆ ಸೀಟಿನ ಚಿಂತೆಯಿಲ್ಲ. ಚಾಂಪಿಯನ್, ಊರ್ಗಾಂ, ಕೋರಮಂಡಲ್ ಮುಗಿಯುವವರೆಗೆ ಪಾಸಿನವರ ಜೊತೆ ಮಾತು. ಬಂಗಾರಪೇಟೆಯಲ್ಲಿ ಜನ ಮೈಮೇಲೆ ಬೀಳುವಷ್ಟು ತುಂಬಿಕೊಂಡ ಮೇಲೆ ಮಾತಾಡಲೂ ಆಗದು, ಅಲ್ಲಾಡಲೂ ಆಗದು. ಆಗ ನೋಟ್‌ಬುಕ್ ತೆರೆಯುತ್ತೇನೆ. ಎದುರು ಸೀಟಿನವರು ಮಡಿಲ ಮೇಲೆ ಟವೆಲ್ ಹಾಸಿ ಇಸ್ಪೀಟು ಶುರು ಮಾಡಿರುತ್ತಾರೆ. ಟೇಕಲ್, ಮಾಲೂರು, ದೇವನಗೊಂದಿ. ವೈಟ್‌ಫೀಲ್ಡಿನಲ್ಲಿ ಅರ್ಧ ಬೋಗಿ ಇಳಿದು ಕಾಲು ಚಾಚಲು ಜಾಗವಾಗುವ ಹೊತ್ತಿಗೆ ಬರೆಯುವ ಆಸೆಯೂ ಇಳಿದಿರುತ್ತದೆ.

ಮುಂದಿನದು ಏನೆಂದು ಗೊತ್ತಿರುವಾಗಲೇ ಅಂದಿನ ಬರವಣಿಗೆ ನಿಲ್ಲಿಸಬೇಕು ಅನ್ನುವುದು ಹೆಮಿಂಗ್ವೇ ಹೇಳಿದ ಉಪಾಯ. ನನಗೆ ಆ ಶಿಸ್ತು ಕಲಿಸಿದ್ದು ರೈಲ್ವೆಯವರು. ಕಂಟೋನ್ಮೆಂಟ್ ಬಂತೆಂದರೆ ವಾಕ್ಯ ಮುಗಿಯಲಿ ಬಿಡಲಿ, ಏಳಲೇಬೇಕು.

ಬಲಪುಟದಲ್ಲಿ ಕಥೆ, ಎಡಪುಟ ಖಾಲಿ. ಎಡಪುಟಕ್ಕೆ ಹೋಗುವುದು ಪ್ರಶ್ನೆಗಳು ಮಾತ್ರ: ‘ಊಟದ ಡಬ್ಬಿ ಕೆಳಗೆ ಎಲ್ಲಿಡುತ್ತಿದ್ದರು?’ ‘ಕೇಜ್ ಇಳಿಯುವಾಗ ಯಾರಾದರೂ ಮಾತಾಡುತ್ತಿದ್ದರೇ?’ ಉತ್ತರ ಸಿಗುವವರೆಗೆ ಬಲಪುಟದ ಆ ಜಾಗದಲ್ಲಿ ಬರೀ ಗೆರೆ.

ಜೂನ್ 6, ಶುಕ್ರವಾರ

ಗಾಡಿ ಮಾಲೂರಿನಲ್ಲಿ ನಿಂತಾಗ ತಾರೀಕು ನೆನಪಾಯಿತು. ಮಾಸ್ತಿ ಹುಟ್ಟಿದ್ದು 1891ರ ಜೂನ್ 6, ತೀರಿಕೊಂಡದ್ದು 1986ರ ಜೂನ್ 6. ಅವರ ಊರು ಇದೇ ತಾಲ್ಲೂಕು. ಬೋಗಿಯಲ್ಲಿ ಯಾರಿಗೂ ಹೇಳಲಿಲ್ಲ, ಇಸ್ಪೀಟು ಬಿಸಿಯೇರಿತ್ತು.

ಸಭೆಗಳಲ್ಲಿ ನನಗೆ ತಪ್ಪದೆ ಎದುರಾಗುವ ಪ್ರಶ್ನೆ ಒಂದಿದೆ. ‘ನಿಮ್ಮ ಮನೆಮಾತು ತಮಿಳು, ಕನ್ನಡದಲ್ಲಿ ಯಾಕೆ ಬರೀತೀರಿ?’ ಮಾಸ್ತಿಯವರ ಮನೆಮಾತೂ ತಮಿಳೇ, ಬೇಂದ್ರೆಯವರದು ಮರಾಠಿ ಅಂದುಬಿಡುತ್ತೇನೆ. ಪ್ರಶ್ನೆ ಅಲ್ಲಿಗೆ ಮುಗಿಯುತ್ತದೆ. ಶಾಲೆಯಲ್ಲಿ ಓದಿದ್ದು, ಲೈಬ್ರರಿಯಲ್ಲಿ ಸಿಕ್ಕಿದ್ದು, ಮೊದಲ ಸಲ ಅಳಿಸಿದ ಪುಸ್ತಕ ಎಲ್ಲವೂ ಕನ್ನಡದ್ದಾದರೆ ಬೇರೆ ಯಾವುದರಲ್ಲಿ ಬರೆಯಲಿ?

ಈ ತಿಂಗಳು ಮಾಸ್ತಿಯವರ ಸಣ್ಣ ಕತೆಗಳನ್ನು ಮತ್ತೆ ಓದುತ್ತಿದ್ದೇನೆ. ‘ಕೆಲವು ಸಣ್ಣ ಕತೆಗಳು’ ಅಚ್ಚಾದದ್ದು 1920ರಲ್ಲಿ; ಓದಿದರೆ ನೂರು ವರ್ಷದ ಧೂಳು ಕಾಣುವುದಿಲ್ಲ. ಅವರ ಎಷ್ಟೋ ಕತೆಗಳಲ್ಲಿ ಒಬ್ಬರು ಹೇಳುತ್ತಾರೆ, ಇನ್ನೊಬ್ಬರು ಕೇಳಿಸಿಕೊಳ್ಳುತ್ತಾರೆ. ಕೇಳಿಸಿಕೊಂಡವರು ನಮಗೆ ದಾಟಿಸುತ್ತಾರೆ. ಹಳೆಯ ಕಾಲದ ವರಸೆ ಎಂದು ಹಿಂದೆ ಪುಟ ತಿರುಗಿಸಿದ್ದುಂಟು. ಈಗ ಅದೇ ನನ್ನ ಕಥೆಗೆ ಬೇಕಾದ ದಾರಿ ಅನ್ನಿಸುತ್ತಿದೆ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ನಾನು ಕೆಳಗೆ ಇಳಿದವಳಲ್ಲ, ನನ್ನ ಓರಗೆಯವರಾರೂ ಇಳಿದವರಲ್ಲ. ನಮಗಿರುವುದು ಕೇಳಿದ ಕಥೆ. ಕಂಡವಳಂತೆ ನಟಿಸುವ ಬದಲು ‘ಹೀಗಂತೆ’ ಎಂದು ಶುರು ಮಾಡಿದರೆ ಕಥೆಗೆ ಮಾನ ಉಳಿಯುತ್ತದೆ. ಮೊದಲ ಪ್ಯಾರಾ ಹೊಡೆದುಹಾಕಿ ಗಣಿಯಲ್ಲಿ ದುಡಿದ ನನ್ನ ಮಾಮನ ಬಾಯಿಂದಲೇ ಆರಂಭಿಸಿದೆ.

ಜೂನ್ 8, ಭಾನುವಾರ

ಎಡಪುಟದ ಪ್ರಶ್ನೆಗಳನ್ನೆಲ್ಲ ಹೊತ್ತು ಮಾಮನ ಮನೆಗೆ ಹೋದೆ. ಚಾಂಪಿಯನ್ ರೀಫ್ ಗಣಿಯಲ್ಲಿ ಕೊನೆಯವರೆಗೂ ಇದ್ದವರು. ಎರಡು ವಾಕ್ಯಕ್ಕೊಮ್ಮೆ ಕೆಮ್ಮು.

‘ಮಾಮಾ, ನಿಮ್ಮ ಕೆಲಸ ಏನಿತ್ತು, ಬೆಳಿಗ್ಗೆಯಿಂದ ಹೇಳಿ.’

‘ಕಲ್ಲು ಕಟ್ಟೋದು.’

‘ಗಣಿಯೊಳಗೆ ಕಲ್ಲು ಒಡೀತಾರೆ ಅಲ್ವಾ?’

‘ಒಡಿಯೋರು ಬೇರೆ. ಒಡೆದು ಅದಿರು ತೆಗೆದ ಮೇಲೆ ಅಲ್ಲಿ ಪೊಳ್ಳು ಉಳೀತದೆ. ಸುಮ್ಮನೆ ಬಿಟ್ಟರೆ ಮೇಲಿನ ಭಾರಕ್ಕೆ ಬಂಡೆ ಸಿಡೀತದೆ. ಮರ ಕೊಟ್ಟರೆ ಕುಗ್ಗುತ್ತೆ, ಬೆಂಕಿ ಹತ್ತುತ್ತೆ. ಅದಕ್ಕೇ ಮೇಲೆ ಗ್ರಾನೈಟು ಕೆತ್ತಿ, ಚೌಕ ಮಾಡಿ, ಕೆಳಗೆ ಇಳಿಸೋರು. ನಾವು ಗೋಡೆ ಕಟ್ಟೋರು. ನೆಲದಿಂದ ಮಾಡಿನ ತನಕ.’

ಎದ್ದು ಹೋಗಿ ಹಿತ್ತಲಿಂದ ಎರಡು ಇಟ್ಟಿಗೆ ಚೂರು ತಂದು ಮೇಜಿನ ಮೇಲಿಟ್ಟರು. ಒಂದರ ಮೇಲೊಂದು ಕೂಡಿಸಿ, ನಡುವೆ ಬೆಳಕು ಕಾಣುತ್ತಾ ನೋಡು ಅಂದರು. ಕಾಣುತ್ತಿತ್ತು. ‘ಹಂಗಾದ್ರೆ ಅದು ಗೋಡೆ ಅಲ್ಲ’ ಎಂದು ಕಿತ್ತು, ಚೂರನ್ನು ತಿರುಗಿಸಿ ಮತ್ತೆ ಕೂಡಿಸಿದರು. ಬೆರಳ ತುದಿಯಿಂದ ಸಂದಿ ಸವರಿ ನೋಡಿದರು. ತಿರುಗಿಸಿ ತಿರುಗಿಸಿ, ಬೆಳಕು ನಿಂತ ಮೇಲೆಯೇ ಕುರ್ಚಿಗೆ ಒರಗಿದ್ದು. ನನ್ನ ಕಾಫಿ ಆರಿತ್ತು.

ಬಂಡೆಯೇ ತುಂಬಿರುವ ಜಾಗಕ್ಕೆ ಮೇಲಿನಿಂದ ಕಲ್ಲು ಸಾಗಿಸುವುದು! ಮೂರು ಕಿಲೋಮೀಟರ್ ಮೀರಿದ ಆಳ, 60 ಡಿಗ್ರಿ ದಾಟಿದ ಬಂಡೆಯ ಶಾಖ, ತಣ್ಣಗಿನ ಗಾಳಿಯನ್ನು ಯಂತ್ರದಿಂದ ತಳ್ಳದಿದ್ದರೆ ನಿಲ್ಲಲಾಗದ ಜಾಗ. ಅಲ್ಲಿ ಒಬ್ಬ ಮನುಷ್ಯ ಗೋಡೆಯ ಸಂದಿ ನೋಡುತ್ತಿದ್ದ. ಈ ಕಥೆಗೆ ಇಷ್ಟೇ ಸಾಕು. ಅಪಘಾತದ ದೃಶ್ಯ ಕಿತ್ತುಹಾಕುತ್ತೇನೆ.

ಜೂನ್ 15, ಭಾನುವಾರ

ಎಮಿಲ್ ಜೋಲಾನ ‘ಜರ್ಮಿನಲ್’ ಇಂಗ್ಲಿಷಿನಲ್ಲಿ ಎರಡನೇ ಬಾರಿ. ಪುಸ್ತಕ ಬಂದದ್ದು 1885ರಲ್ಲಿ. ಅದರ ಹಿಂದಿನ ವರ್ಷ ಫ್ರಾನ್ಸಿನ ಆಂಜಾಂ ಕಲ್ಲಿದ್ದಲು ಗಣಿಯಲ್ಲಿ ಮುಷ್ಕರ ನಡೆಯುತ್ತಿದ್ದಾಗ ಜೋಲಾ ಅಲ್ಲಿಗೆ ಹೋಗಿ, ಗಣಿಯೊಳಗೆ ಇಳಿದು, ಕಾರ್ಮಿಕರ ಮನೆಗಳನ್ನು ನೋಡಿ ಟಿಪ್ಪಣಿ ಬರೆದುಕೊಂಡ. ಕೂಲಿ ಎಷ್ಟು, ಹಾಸಿಗೆ ಎಷ್ಟು, ಸೂಪಿಗೆ ಏನು ಹಾಕುತ್ತಾರೆ, ಎಲ್ಲ. ಆಮೇಲೆ ಕಾದಂಬರಿ. ನನ್ನ ಎಡಪುಟ ಅವನ ಟಿಪ್ಪಣಿಯ ಬಡ ನೆಂಟ.

ಜೊತೆಗೆ ಆರ್ವೆಲ್‌ನ ‘ದಿ ರೋಡ್ ಟು ವಿಗನ್ ಪಿಯರ್’, 1937ರದು. ಗಣಿಯೊಳಗೆ ಕೆಲಸದ ಜಾಗ ಮುಟ್ಟುವುದಕ್ಕೇ ಬೆನ್ನು ಬಗ್ಗಿಸಿ ಮೈಲಿಗಟ್ಟಲೆ ಹೋಗಬೇಕು, ಆ ನಡಿಗೆಗೆ ಕೂಲಿಯಿಲ್ಲ ಎಂದು ಬರೆದಿದ್ದಾನೆ. ಸಂಜೆ ಮಾಮನಿಗೆ ಹೇಳಿದೆ. ನಕ್ಕರು. ‘ಆ ದೊರೆಗೂ ಸೊಂಟ ನೋವು ಬಂತಾ?’ ಬಂತು ಮಾಮಾ, ಅವನೇ ಬರೆದುಕೊಂಡಿದ್ದಾನೆ ಅಂದೆ. ಅದಕ್ಕೆ ಖುಷಿಯಾದರು.

ಇಬ್ಬರೂ ಹೊರಗಿನವರು, ಕೆಲವೇ ದಿನ ನೋಡಲು ಹೋದವರು. ಆದರೂ ಪುಸ್ತಕ ಉಳಿದಿದೆ. ಹತ್ತಿರ ಹೋಗಿ ನೋಡಿದ್ದನ್ನು, ಅಳೆದದ್ದನ್ನು, ಕೇಳಿದ್ದನ್ನು ಮೊದಲು ಹೇಳಿದರು. ಮರುಕ ಓದುಗರಲ್ಲಿ ತಾನಾಗಿ ಹುಟ್ಟಿತು. ಗಣಿ ಒಳಗಿನವರಿಗೆ ಹೇಗಿರುತ್ತದೆ ಅನ್ನುವುದಕ್ಕೆ ಡಿ.ಎಚ್. ಲಾರೆನ್ಸ್‌ನ ‘ಸನ್ಸ್ ಅಂಡ್ ಲವರ್ಸ್’ ಓದಬೇಕು: ಅಪ್ಪ ಗಣಿಯಿಂದ ಬಂದು ಊಟಕ್ಕೆ ಕೂರುವ ಮನೆ, ಅವನನ್ನು ಕಂಡರೆ ಮೌನವಾಗುವ ಮಕ್ಕಳು. ಲಾರೆನ್ಸ್ ಗಣಿ ಕಾರ್ಮಿಕನ ಮಗ.

ಜೂನ್ 19, ಗುರುವಾರ

ಪತ್ರಿಕೆಯೊಂದರ ವಿಶೇಷಾಂಕಕ್ಕೆ ಕಥೆ ಕೇಳಿದವರು ಫೋನ್ ಮಾಡಿದ್ದರು. ‘ಕೆಜಿಎಫ್ ಕಥೆ ಅಂದ್ರೆ ಚಿನ್ನ ಸ್ವಲ್ಪ ಜಾಸ್ತಿ ಇರಲಿ ಮೇಡಂ.’ 2018 ಮತ್ತು 2022ರ ‘ಕೆಜಿಎಫ್’ ಸಿನಿಮಾಗಳಾದ ಮೇಲೆ ಇದು ಮಾಮೂಲು. ಗಣಿಯ ತ್ಯಾಜ್ಯದ ಸಯನೈಡ್ ದಿಬ್ಬದ ಮೇಲೆ ಶೂಟಿಂಗ್ ನಡೆದಾಗ ನಾವೂ ನೋಡಲು ಹೋದವರೇ. ಸಿನಿಮಾ ಸಿನಿಮಾದ ಕೆಲಸ ಮಾಡಿತು. ಆದರೆ ಈ ನೆಲ ನೂರಿಪ್ಪತ್ತು ವರ್ಷದಲ್ಲಿ ಕೊಟ್ಟ 800 ಟನ್ನಿಗೂ ಹೆಚ್ಚು ಚಿನ್ನದಲ್ಲಿ ನಮ್ಮ ಲೈನ್ ಮನೆಗಳಿಗೆ ಬಂದದ್ದು ತಿಂಗಳ ಸಂಬಳ ಮಾತ್ರ. ನನ್ನ ಕಥೆಯಲ್ಲಿ ಚಿನ್ನ ಒಂದೇ ಕಡೆ ಬರುತ್ತದೆ, ಮಾರ್ವಾಡಿ ಅಂಗಡಿಯಲ್ಲಿ ಅಡವಿಟ್ಟ ಓಲೆಯಾಗಿ.

ಇನ್ನೊಂದು ಬೇಸರ: ಬರವಣಿಗೆಯನ್ನು ಗಣಿಗಾರಿಕೆಗೆ ಹೋಲಿಸಿ ಎರಡು ಮಾತಾಡಿ ಅನ್ನುವವರು. ಗಣಿಯ ಧೂಳಿನಿಂದ ಸಿಲಿಕೋಸಿಸ್ ತಗುಲಿದವರ ಮನೆಯ ಪಕ್ಕ ಕೂತು ಆ ಹೋಲಿಕೆ ನನ್ನಿಂದಾಗದು.

ಕಥೆಯ ವಸ್ತುಗಳಿಗೆ ಇಲ್ಲಿ ಬರವಿಲ್ಲ. 1930ರಲ್ಲಿ ಕಾರ್ಮಿಕರೆಲ್ಲ ಬೆರಳಚ್ಚು ಕೊಡಬೇಕು ಎಂದು ಕಂಪನಿ ಹೊರಟಾಗ ಗಣಿಗಳೇ ನಿಂತುಹೋದವು. ಜಾನಕಿ ನಾಯರ್ ಅವರ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ನಲ್ಲಿ ಅದರ ವಿವರವಿದೆ. ಮುಂದಿನ ಕಥೆ ಅದು: ಹೆಬ್ಬೆಟ್ಟು ಒತ್ತಲೊಲ್ಲದ ಒಬ್ಬ. ಅದರ ಮುಂದಿನದು 1965ರದು. ಚಾಂಪಿಯನ್ ರೀಫ್‌ನ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್, ಬ್ರಿಟನ್ನಿನವರ ಜೊತೆ ಸೇರಿ ನ್ಯೂಟ್ರಿನೊ ಗುರುತಿಸಿದರು. ಆ ಯಂತ್ರಗಳನ್ನು ಹೊತ್ತು ಸಾಗಿಸಿದ ಕೈಗಳಿಗೆ ಅದರ ಬಗ್ಗೆ ಏನು ಹೇಳಿದ್ದಿರಬಹುದು? ಎಡಪುಟಕ್ಕೆ ಬರೆದಿಟ್ಟೆ.

ಜೂನ್ 24, ಮಂಗಳವಾರ

ಎರಡನೇ ಕರಡು ಮುಗಿಯಿತು. ನನ್ನಲ್ಲಿ ಎರಡನೆಯದು ಬಾಯಲ್ಲಿ ಆಗುವ ಕೆಲಸ. ರಾತ್ರಿ ಅಡುಗೆಮನೆಯಲ್ಲಿ ನಿಂತು ಗಟ್ಟಿಯಾಗಿ ಓದಿ ಫೋನಿನಲ್ಲಿ ರೆಕಾರ್ಡ್ ಮಾಡುತ್ತೇನೆ. ಮರುದಿನ ಗಾಡಿಯಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳುತ್ತೇನೆ. ಎಲ್ಲಿ ನನಗೇ ಆಕಳಿಕೆ ಬಂತೋ ಅಲ್ಲಿಗೆ ಪೆನ್ನಿನ ಗೆರೆ.

ಬಾಯಿಂದ ಬರೆಯುವುದರಲ್ಲಿ ನಮ್ಮವರಲ್ಲಿ ಕೈಲಾಸಂ ದೊಡ್ಡವರು. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿ ಕಲ್ಲು ನೋಡುವ ಕೆಲಸ ಮಾಡಿದ ಮನುಷ್ಯ, ನಾಟಕಗಳನ್ನು ಹೇಳುತ್ತ ಹೋದರು, ಸ್ನೇಹಿತರು ಬರೆದುಕೊಂಡರು. ಅದಕ್ಕೇ ಅವರ ಪಾತ್ರಗಳು ಇಂದಿಗೂ ಪುಟದಿಂದೆದ್ದು ಮಾತಾಡುತ್ತವೆ.

ಸಂಭಾಷಣೆ ಮಾತ್ರ ಇನ್ನೂ ಕಾಡುತ್ತಿದೆ. ಮಾಮ ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ತೆಲುಗು, ಆಸ್ಪತ್ರೆಯಲ್ಲಿ ಕನ್ನಡ, ಸಿಟ್ಟು ಬಂದರೆ ಹಳೆಯ ಮೇಸ್ತ್ರಿಗಳ ಇಂಗ್ಲಿಷು. ಎಲ್ಲವನ್ನೂ ಇದ್ದ ಹಾಗೇ ಬರೆದರೆ ಧಾರವಾಡದ ಓದುಗರು ಪುಸ್ತಕ ಮುಚ್ಚುತ್ತಾರೆ. ಎಲ್ಲವನ್ನೂ ತಿದ್ದಿದರೆ ಮಾಮ ಸಾಯುತ್ತಾರೆ. ‘ಒಡಲಾಳ’ ತೆಗೆದು ನೋಡಿದೆ. ದೇವನೂರ ಮಹಾದೇವ ಸಾಕವ್ವನ ಮನೆಯವರ ಮಾತನ್ನು ತಿದ್ದಲಿಲ್ಲ, ಅರ್ಥ ಬರೆದು ಕೈಹಿಡಿದು ನಡೆಸಲೂ ಇಲ್ಲ. ಕಾಣೆಯಾದ ಹುಂಜ, ರಾತ್ರಿ ಕೂತು ಕಡಲೆಕಾಯಿ ತಿನ್ನುವ ಮನೆಮಂದಿ. ಆ ತಿನ್ನುವ ಸಂಭ್ರಮದ ಮುಂದೆ ಓದುಗರು ಭಾಷೆಯ ತೊಡಕು ಮರೆಯುತ್ತಾರೆ. ಸನ್ನಿವೇಶ ಗಟ್ಟಿಯಿದ್ದರೆ ಮಾತು ತನ್ನ ದಾರಿ ನೋಡಿಕೊಳ್ಳುತ್ತದೆ. ಮಾಮನ ವಾಕ್ಯದ ಜಾಡು ಉಳಿಸಿ, ಪದ ಕನ್ನಡದ್ದಿಟ್ಟೆ.

ಮೂರನೆಯದು ಟೈಪಿಂಗ್. ಧ್ವನಿಯಿಂದ ಟೈಪಾಗುವ ಸೌಲಭ್ಯ ಬಳಸಿ ನೋಡಿದೆ. ‘ಊರ್ಗಾಂ’ ಅಂದರೆ ‘ಊರು ಕಾಮ’ ಅನ್ನುತ್ತದೆ. ಕೈಯಲ್ಲೇ ಟೈಪು ಮಾಡುತ್ತೇನೆ. ಹೆಮಿಂಗ್ವೇ ‘ಎ ಫೇರ್‌ವೆಲ್ ಟು ಆರ್ಮ್ಸ್’ನ ಕೊನೆಯನ್ನು 39 ಸಲ ಬರೆದೆ ಅಂದಿದ್ದ. ಕೆಲಸಕ್ಕೆ ಹೋಗುವವರಿಗೆ ಮೂರು ಕರಡು ಸಾಕು. ನಾಲ್ಕನೆಯದಕ್ಕೆ ಕೈ ಹಾಕಿದರೆ ಕಥೆ ನಯವಾಗುತ್ತದೆ, ಉಸಿರು ಹೋಗುತ್ತದೆ.

ಜೂನ್ 29, ಭಾನುವಾರ

ಕಥೆ ಇವತ್ತು ಬೆಳಿಗ್ಗೆ ಇ-ಮೇಲ್ ಮಾಡಿದೆ. ಅಪಘಾತವಿಲ್ಲ, ಓಲೆಯ ಹೊರತು ಚಿನ್ನವಿಲ್ಲ. ಗೋಡೆ ಇದೆ.

ಬಂಗಾರಪೇಟೆಯಲ್ಲಿ ಹತ್ತುವ ಕಾಲೇಜು ಹುಡುಗಿಯೊಬ್ಬಳು ನನ್ನ ನೋಟ್‌ಬುಕ್ಕಿನೊಳಗೆ ಇಣುಕುತ್ತಿದ್ದವಳು, ಮೊನ್ನೆ ಧೈರ್ಯ ಮಾಡಿ ಕೇಳಿದಳು: ‘ಅಕ್ಕಾ, ನಾನೂ ಬರೀತೀನಿ. ಏನು ಓದಬೇಕು?’ ನಾಳೆ ಅವಳಿಗೆ ಕೊಡುವ ಚೀಟಿಯ ನಕಲು ಇಲ್ಲಿರಲಿ.

ಮೊದಲು ಮಾಸ್ತಿ. ನಮ್ಮ ಜಿಲ್ಲೆಯವರು ಅಂತಲ್ಲ, ಕಥೆ ಹೇಳುವವರ ದನಿ ಎಷ್ಟು ತಗ್ಗಿದ್ದರೂ ಕೇಳಿಸುತ್ತದೆ ಅನ್ನುವುದಕ್ಕೆ. ಆಮೇಲೆ ‘ಒಡಲಾಳ’, ಒಂದೇ ಸಂಜೆಯಲ್ಲಿ ಮುಗಿಸು. ಬಡತನವನ್ನು ಭಿಕ್ಷೆ ಬೇಡದೆ ಬರೆಯುವುದು ಹೇಗೆ ಅಂತ ನೋಡು. ಜಯಂತ ಕಾಯ್ಕಿಣಿಯವರ ಮುಂಬೈ ಕಥೆಗಳು: ಚಾಳು, ಲೋಕಲ್ ಟ್ರೇನು, ದುಡಿಯಲು ಬಂದ ಜನ, ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದಕ್ಕೆ 2018ರ ಡಿಎಸ್‌ಸಿ ಪ್ರಶಸ್ತಿ ಬಂತು, ನೀನು ಕನ್ನಡದಲ್ಲೇ ಓದು. ಬಾನು ಮುಷ್ತಾಕ್ ಅವರ ‘ಎದೆಯ ಹಣತೆ’. ಕಳೆದ ತಿಂಗಳು ಅವರಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಅಂತರರಾಷ್ಟ್ರೀಯ ಬುಕರ್ ಬಂದಾಗ ನಮ್ಮ ಬೋಗಿಯಲ್ಲಿ ಇಸ್ಪೀಟು ಒಂದು ನಿಮಿಷ ನಿಂತಿತ್ತು. ಮನೆಯೊಳಗಿನ ಅನ್ಯಾಯವನ್ನು ಮನೆಯ ಮಾತಿನಲ್ಲೇ ಹೇಳಿದ ಕಥೆಗಳು. ಇಂಗ್ಲಿಷ್ ಓದಲು ಬೇಸರವಿಲ್ಲದಿದ್ದರೆ ಆರ್ವೆಲ್‌ನ ಗಣಿಯ ಅಧ್ಯಾಯ, ನಂತರ ಬ್ರಿಜೆಟ್ ವೈಟ್-ಕುಮಾರ್ ಬರೆದ ಕೆಜಿಎಫ್ ನೆನಪುಗಳು. ಬಂಗಲೆಯ ಕಡೆಯಿಂದ ನಮ್ಮೂರು ಹೇಗೆ ಕಾಣುತ್ತಿತ್ತು ಅನ್ನುವುದು ನಮಗೂ ತಿಳಿದಿರಬೇಕು.

ಬರೆಯುವುದಕ್ಕೆ ಒಂದೇ ಮಾತು. ನಿನ್ನ ತಾತ, ಅಜ್ಜಿ ಇನ್ನೂ ಇದ್ದರೆ ಈ ಭಾನುವಾರವೇ ಹೋಗಿ ಕೂರು. ದುಃಖ ಕೇಳಬೇಡ, ಕೆಲಸ ಕೇಳು. ಬೆಳಿಗ್ಗೆ ಎದ್ದು ಏನು ಮಾಡುತ್ತಿದ್ದರು, ಕೈಯಲ್ಲಿ ಏನು ಹಿಡಿಯುತ್ತಿದ್ದರು, ಎಷ್ಟು ಹೊತ್ತಿಗೆ ತಿನ್ನುತ್ತಿದ್ದರು ಅಂತ ಕೇಳಿ ಬರೆದುಕೋ. ಕಥೆ ಮುಂದಿನ ವರ್ಷ ಬರೆದರೂ ನಡೆಯುತ್ತದೆ. ಆ ಉತ್ತರ ಕೊಡುವವರು ಮುಂದಿನ ವರ್ಷ ಇರುತ್ತಾರೆ ಅನ್ನುವ ಭರವಸೆ ಈ ಊರಿನಲ್ಲಿ ಯಾರಿಗೂ ಇಲ್ಲ.